ಫಸಲಿ 1342 ಅಂದ್ರೆ ಯಾವ ಇಸವಿ? ಇನ್ನೂ ಕೆಲವು ಪ್ರಶ್ನೆಗಳು

ಈ ಸಲ ಬಂದ ಪತ್ರಗಳ ಕಟ್ಟು ಬಿಚ್ಚಿ ನೋಡಿ ಖುಷಿಯಾಯಿತು. ಸಾಮಾನ್ಯವಾಗಿ ಅರ್ಧಕ್ಕರ್ಧ ಪ್ರಶ್ನೆ ಪಿರಮಿಡ್ಡು, ಬರ್ಮುಡಾ ತ್ರಿಕೋನ, ಅಮೆಜಾನ್ ಕಾಡಿನ ಹಾವು ಇವುಗಳದ್ದೇ. ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ತಮ್ಮ ಮನೆಯ ಟ್ರಂಕು, ಅಡುಗೆಮನೆ, ನೆಲಕ್ಕೆ ಹಾಸಿದ ಬಂಡೆ ನೋಡಿ ಪ್ರಶ್ನೆ ಕಳಿಸಿದ್ದಾರೆ. ಹಾಗಾಗಿ ಪಿರಮಿಡ್ಡಿನವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ (ಸೇಡಂನಿಂದ): ಹಳೇ ಟ್ರಂಕಿನಲ್ಲಿ ನಮ್ಮ ಮುತ್ತಜ್ಜನ ಹೊಲದ ಖರೀದಿ ಪತ್ರ ಸಿಕ್ಕಿತು. ಉರ್ದು ಬಲ್ಲವರ ಹತ್ತಿರ ಓದಿಸಿದೆ. ತಾರೀಖು "12 ಖುರ್ದಾದ್ 1342 ಫಸಲಿ", ಬೆಲೆ "ಹಾಲಿ ರೂ. 140" ಅಂತ ಇದೆಯಂತೆ. ನಮ್ಮ ಕಾಕಾ ಮಾತ್ರ, ನೋಡು, ಏಳುನೂರು ವರ್ಷದಿಂದ ಈ ಹೊಲ ನಮ್ಮದೇ ಅಂತಾರೆ. ಖರೆ ಏನ್ರಿ?

ನಿಮ್ಮ ಕಾಕಾ ಹೇಳಿದ್ದು ಖರೆ ಆದರೆ ಬಹಮನಿ ರಾಜ್ಯ ಶುರುವಾಗುವುದಕ್ಕೆ ಐದು ವರ್ಷ ಮೊದಲೇ ನಿಮ್ಮ ಮುತ್ತಜ್ಜ ಹೊಲ ಹಿಡಿದು ಕೂತಿದ್ದರು ಅಂತಾಯಿತು. ಬಹಮನಿಯವರು ಬಂದದ್ದು 1347ರಲ್ಲಿ. ಕಾಕಾನಿಗೆ ಬೇಜಾರಾಗದಂತೆ ಮೆಲ್ಲಗೆ ಹೇಳಿ, ಆ ಪತ್ರ 1933ರ ಏಪ್ರಿಲ್ ತಿಂಗಳದ್ದು.

ಲೆಕ್ಕ ಸುಲಭ. ನಮ್ಮ ಕಡೆಯ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಅದು ಶುರುವಾದ ಇಸವಿ ಬರುತ್ತದೆ. ನಿಜಾಮರ ಕಾಲದ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಶುರುವಾಗುತ್ತಿತ್ತು. ಅಂದರೆ 1342 ಫಸಲಿ ಅನ್ನುವುದು 1932ರ ಅಕ್ಟೋಬರ್‌ನಿಂದ 1933ರ ಅಕ್ಟೋಬರ್‌ವರೆಗೆ. ತಿಂಗಳ ಹೆಸರೆಲ್ಲ ಪರ್ಶಿಯನ್ನದು: ಆಜುರ್, ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಅರ್ದಿಬಿಹಿಷ್ತ್, ಆಮೇಲೆ ನಿಮ್ಮ ಖುರ್ದಾದ್. ಅಕ್ಟೋಬರ್‌ನಿಂದ ಬೆರಳು ಮಡಚಿ ಎಣಿಸಿ, ಏಳನೆಯದು ಏಪ್ರಿಲ್‌ಗೇ ಬಂದು ನಿಲ್ಲುತ್ತದೆ.

ಈ ಲೆಕ್ಕ ಹುಟ್ಟಿದ್ದೇ ಒಂದು ತಾಪತ್ರಯದಿಂದ. ಹಿಜರಿ ವರ್ಷ ಚಂದ್ರನನ್ನು ನೋಡಿ ನಡೆಯುತ್ತದೆ, ಅದಕ್ಕೆ 354 ದಿನ. ಬೆಳೆ ಮಾತ್ರ ಸೂರ್ಯನನ್ನು ನೋಡಿಯೇ ಬರುವುದು, ಅದಕ್ಕೆ 365 ದಿನ ಬೇಕು. ವರ್ಷಕ್ಕೆ 11 ದಿನ ಹಿಂದೆ ಸರಿಯುತ್ತಾ ಹೋದರೆ ಕೆಲವೇ ವರ್ಷಗಳಲ್ಲಿ ತೊಗರಿ ಇನ್ನೂ ಹೂ ಬಿಡುವ ಮೊದಲೇ ಕಂದಾಯದವನು ಬಾಗಿಲಿಗೆ ಬರುತ್ತಾನೆ. ಇನ್ನೊಂದು ಅನ್ಯಾಯವೂ ಇದೆ: 33 ವರ್ಷ ಕಳೆಯುವ ಹೊತ್ತಿಗೆ ಚಂದ್ರನ ಲೆಕ್ಕದಲ್ಲಿ 34 ವರ್ಷ ಆಗಿರುತ್ತದೆ, ರೈತ ಬೆಳೆಯದೇ ಇದ್ದ ಒಂದು ವರ್ಷದ ಕಂದಾಯವನ್ನೂ ಕಟ್ಟಬೇಕು! ಅದಕ್ಕೇ ಅಕ್ಬರನ ಕಾಲದಲ್ಲಿ ಫಸಲು ನೋಡಿಕೊಂಡು ನಡೆಯುವ ವರ್ಷ ಮಾಡಿದರು, ಹೆಸರೂ ಫಸಲಿ. ದಖ್ಖನ್ನಿಗೆ ಅದು ಬಂದದ್ದು ಶಹಜಹಾನನ ಕಾಲದಲ್ಲಿ, 1636ರಲ್ಲಿ. ಆಗ ಹಿಜರಿ 1046 ನಡೆಯುತ್ತಿತ್ತು. ಆ ಅಂಕಿಯನ್ನೇ ಹಿಡಿದುಕೊಂಡು ಮುಂದೆ ಸೂರ್ಯನ ಲೆಕ್ಕದಲ್ಲಿ ಎಣಿಸಿಕೊಂಡು ಹೋದರು. 1636ರಲ್ಲಿ 1046 ಕಳೆಯಿರಿ, 590 ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಇನ್ನು "ಹಾಲಿ". ಇದು ನಿಜಾಮರ ಸ್ವಂತ ರೂಪಾಯಿ, ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ನಮ್ಮ ಕಡೆ ಕಲ್ದಾರ್ ಅನ್ನುತ್ತಿದ್ದರು. 7 ಹಾಲಿ ರೂಪಾಯಿಗೆ 6 ಕಲ್ದಾರ್. ನಿಮ್ಮ ಮುತ್ತಜ್ಜ ಕೊಟ್ಟ 140 ಹಾಲಿ ಅಂದರೆ 120 ಕಲ್ದಾರ್ ರೂಪಾಯಿ. ದೇಶದಲ್ಲಿ ಅಷ್ಟೊಂದು ಸಂಸ್ಥಾನಗಳಿದ್ದರೂ ಬ್ರಿಟಿಷರ ಕಾಲದಲ್ಲಿ ಸ್ವಂತ ಕಾಗದದ ನೋಟು ಹೊರಡಿಸಲು ಒಪ್ಪಿಗೆ ಇದ್ದದ್ದು ಹೈದರಾಬಾದಿಗೆ. ಆ ನೋಟಿನ ಮೇಲೆ ಉರ್ದು, ತೆಲುಗು, ಮರಾಠಿ ಜತೆ ಕನ್ನಡವೂ ಇತ್ತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಹೋಯಿತು, ಆದರೆ ಹಾಲಿ ರೂಪಾಯಿ ಮಾತ್ರ ತಕ್ಷಣ ಹೋಗಲಿಲ್ಲ. ಅದನ್ನು ಪೂರ್ತಿ ರದ್ದು ಮಾಡಿದ್ದು 1959ರಲ್ಲಿ. ಅಷ್ಟರಲ್ಲಿ ನಾವು ಮೈಸೂರು ರಾಜ್ಯ ಸೇರಿ ಮೂರು ವರ್ಷವಾಗಿತ್ತು. ನಮ್ಮ ಅಜ್ಜಿ ಕೊನೆವರೆಗೂ ಚಾರ್‌ಮಿನಾರ್ ಇರುವ ಒಂದು ರೂಪಾಯಿಯನ್ನು ಅರಿಶಿನದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಯಾಕಜ್ಜಿ ಅಂದರೆ "ಇರ್ಲಿ ಬಿಡು, ತಿರುಗಿ ನಡದರೂ ನಡೀಬಹುದು" ಅನ್ನುತ್ತಿದ್ದರು.

ಪತ್ರ ಲ್ಯಾಮಿನೇಶನ್ ಮಾಡಿಸಬೇಡಿ. ಆ ಬಿಸಿಗೆ ಹಳೇ ಕಾಗದ ಹಾಳಾಗುತ್ತದೆ, ಆಮೇಲೆ ಬಿಚ್ಚಲೂ ಬರುವುದಿಲ್ಲ.

ಪ್ರಶ್ನೆ (ಹುಮನಾಬಾದ್‌ನಿಂದ): ಬಿದರಿ ಸಾಮಾನು ಕಪ್ಪಾಗುವುದು ಬೀದರ್ ಕೋಟೆಯ ಮಣ್ಣಿನಿಂದ ಅಂತಾರೆ. ಮಣ್ಣಿನಲ್ಲಿ ಅಂಥಾದ್ದೇನಿದೆ? ಸುಮ್ನೆ ಕಥೆಯೋ?

ಕಥೆಯಲ್ಲ. ಆದರೆ ವಾಟ್ಸಾಪ್‌ನಲ್ಲಿ ಓಡಾಡುವ ಹಾಗೆ ಮಂತ್ರದ ಮಣ್ಣೂ ಅಲ್ಲ.

ಮೊದಲು ಲೋಹ ನೋಡಿ. ಬಿದರಿ ಹೂಜಿ ಬೆಳ್ಳಿಯದಲ್ಲ, ಕಬ್ಬಿಣದ್ದೂ ಅಲ್ಲ. ಅದು ಸತುವು, ಅದಕ್ಕೆ ಒಂದಿಷ್ಟು ತಾಮ್ರ. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ. ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಅದರಿಂದ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಯಾಕೆಂದರೆ ಉಳಿಯಲ್ಲಿ ಗೀರಿದ ಹೂಬಳ್ಳಿ ಬೆಳ್ಳಗೆ ಕಾಣಬೇಕಲ್ವಾ? ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಆಮೇಲೆ ಮತ್ತೆ ಉಜ್ಜುತ್ತಾರೆ. ಈ ಹಂತದಲ್ಲಿ ನೋಡಿದರೆ ಬೇಜಾರಾಗುತ್ತದೆ. ಅಷ್ಟು ದಿನ ಕೂತು ಮಾಡಿದ ಕುಸುರಿ ಬೂದು ಬಣ್ಣದ ಲೋಹದಲ್ಲಿ ಬೆರೆತು ಕಾಣುವುದೇ ಇಲ್ಲ.

ಆಗ ಮಣ್ಣಿನ ಸರದಿ. ಕೋಟೆಯೊಳಗೆ ಬಿಸಿಲು, ಮಳೆ ಬೀಳದ ಹಳೇ ಕಟ್ಟಡಗಳ ಕೆಳಗಿನ ಮಣ್ಣು ತರುತ್ತಾರೆ. ಸರಿಯಾದ ಮಣ್ಣು ಹೌದೋ ಅಲ್ಲವೋ ಅಂತ ಕುಶಲಕರ್ಮಿಗಳು ನೋಡುವುದು ನಾಲಿಗೆಯ ಮೇಲೆ: ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ರುಚಿ ನೋಡಿ, ಉಗುಳಿ, ಆಗಬಹುದು ಅಥವಾ ಬೇಡ. ಮೊದಲ ಸಲ ನೋಡಿದಾಗ ನನಗೂ ವಿಚಿತ್ರ ಅನ್ನಿಸಿತ್ತು. ಆದರೆ ಅವರು ಹುಡುಕುವುದು ಉಪ್ಪಿನಂಶ, ಅದನ್ನು ನಾಲಿಗೆಯಷ್ಟು ಬೇಗ ಹಿಡಿಯುವುದು ಯಾವುದಿದೆ? ನೂರಾರು ವರ್ಷ ಮಳೆಯಲ್ಲಿ ತೊಳೆದುಹೋಗದ ಮಣ್ಣಿನಲ್ಲಿ ಲವಣಗಳು ಹಾಗೇ ಉಳಿದಿರುತ್ತವೆ. ಆ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್ ಎಂಬ ಲವಣ), ನೀರು ಸೇರಿಸಿ, ಬಿಸಿ ಮಾಡಿದ ಸಾಮಾನಿಗೆ ಉಜ್ಜುತ್ತಾರೆ. ಸತುವು, ತಾಮ್ರದ ಮೈ ಕಣ್ಣೆದುರಿಗೇ ಕಾಡಿಗೆಯ ಹಾಗೆ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಕಾಣದೇ ಹೋಗಿದ್ದ ಬಳ್ಳಿಯೆಲ್ಲ ಒಮ್ಮೆಲೇ ಎದ್ದು ಕಾಣುತ್ತದೆ. ಇಲ್ಲಿ ಆ ಒಂದು ಪಾಲು ತಾಮ್ರದ ಕೆಲಸ ಜಾಸ್ತಿ, ಬರೀ ಸತುವಾಗಿದ್ದರೆ ಅಷ್ಟು ಗಟ್ಟಿ ಕಪ್ಪು ಬರುತ್ತಿರಲಿಲ್ಲ.

ಬಿದರಿ ಕಲೆಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಸಿಕ್ಕಿದ್ದು 2006ರಲ್ಲಿ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇನ್ನು ನಿಮ್ಮ ಮನೆಯಲ್ಲಿರುವ ಹೂಜಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಮದುವೆಗೆ ಬಂದ ಒಂದನ್ನು ನಮ್ಮ ಮನೆಯಲ್ಲಿ ಹಾಗೆ ತಿಕ್ಕಿ ಅರ್ಧ ಬೂದು ಮಾಡಿ ಇಟ್ಟಿದ್ದೇವೆ.

ಪ್ರಶ್ನೆ (ಬೀದರಿನ ಒಬ್ಬ ವಿದ್ಯಾರ್ಥಿನಿ): ಎತ್ತರದ ಮೇಲೆ ಇರುವ ಊರಿಗೆ ಸುಲ್ತಾನರು ನೀರು ಎಲ್ಲಿಂದ ತಂದರು?

ಕೆಳಗಿನಿಂದ! ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಈ ಕಲ್ಲು ಸ್ಪಂಜಿನ ಹಾಗೆ, ಮಳೆ ನೀರನ್ನೆಲ್ಲ ಹೀರುತ್ತದೆ. ಅದರ ಕೆಳಗೆ ಗಟ್ಟಿ ಕರಿಕಲ್ಲು, ಅದು ನೀರನ್ನು ಅಷ್ಟು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹಾಗಾಗಿ ನೀರು ಇವೆರಡರ ನಡುವೆ ಸಿಕ್ಕಿಕೊಂಡು ಮೆಲ್ಲಗೆ ಹರಿಯುತ್ತದೆ. ಬಹಮನಿಯವರು 15ನೇ ಶತಮಾನದಲ್ಲಿ ಪರ್ಶಿಯಾದ ಕಡೆಯ ವಿದ್ಯೆ ತಂದು, ನೆಲದಡಿಯಲ್ಲಿ ಸಣ್ಣ ಇಳಿಜಾರಿನ ಸುರಂಗ ಕೊರೆದರು. ನಡುನಡುವೆ ಗಾಳಿಗೆ, ಮಣ್ಣೆತ್ತುವುದಕ್ಕೆ, ನೀರು ಸೇದುವುದಕ್ಕೆ ಬಾವಿಯಂಥ ಕಿಂಡಿಗಳು. ಪಂಪು ಇಲ್ಲ, ರಾಟೆ ಇಲ್ಲ, ಬಿಸಿಲಿಗೆ ನೀರು ಆವಿಯಾಗುವ ಭಯವೂ ಇಲ್ಲ. ಪುಸ್ತಕದಲ್ಲಿ ಕರೇಜ್ ಅಂತ ಇದೆ, ಊರವರ ಬಾಯಲ್ಲಿ ಸುರಂಗ ಬಾವಿ. ನೌಬಾದ್ ಕಡೆ ಹೋಗಿ ನೋಡಿ ಬನ್ನಿ, ದೂರ ಇಲ್ಲ.

ಪ್ರಶ್ನೆ (ಬೀದರಿನಿಂದಲೇ): ವಾಸ್ಕೋ ಡ ಗಾಮಾನಿಗಿಂತ ಮೊದಲು ರಷ್ಯಾದವನೊಬ್ಬ ಬೀದರಿಗೆ ಬಂದಿದ್ದ ಅನ್ನುವುದು ನಿಜವೇ?

ನಿಜ. ಅಫನಾಸಿ ನಿಕಿತಿನ್, ತ್ವೇರ್ ಎಂಬ ಊರಿನ ವ್ಯಾಪಾರಿ. ಗಾಮಾ ಬಂದದ್ದು 1498ರಲ್ಲಿ, ಇವನು ಅದಕ್ಕಿಂತ ಸುಮಾರು ಮೂವತ್ತು ವರ್ಷ ಮೊದಲು. ಕುದುರೆ ಮಾರಿದರೆ ಲಾಭ ಅಂತ ಒಂದೇ ಒಂದು ಗಂಡು ಕುದುರೆ ಹಿಡಿದುಕೊಂಡು ಬಂದಿದ್ದ. ದಾರಿಯಲ್ಲಿ ಜುನ್ನರ್‌ನಲ್ಲಿ ಅಲ್ಲಿನ ಖಾನ ಅದನ್ನು ಕಿತ್ತುಕೊಂಡ. ಹೇಗೋ ಬಿಡಿಸಿಕೊಂಡು ಬಂದು ಕೊನೆಗೆ ಬೀದರಿನಲ್ಲಿ ಮಾರಿದ. ಅವನು ಇಲ್ಲಿದ್ದ ಆಸುಪಾಸಿನಲ್ಲೇ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ ಏಳುತ್ತಿತ್ತು, ಅದು 1472ರ ಕಟ್ಟಡ. ಸಾಮಾನ್ಯ ಜನ ಕಡು ಬಡವರು, ಅಮೀರರ ವೈಭವಕ್ಕೆ ಲೆಕ್ಕವಿಲ್ಲ ಎಂಬ ಅರ್ಥದಲ್ಲಿ ಬರೆದುಕೊಂಡು ಹೋಗಿದ್ದಾನೆ.

ಪ್ರಶ್ನೆ (ಒಂದು ವಾಡಿಯಿಂದ, ಇನ್ನೊಂದು ಚಿತ್ತಾಪುರದಿಂದ): ಬೋರ್‌ವೆಲ್ ನೀರಿನಲ್ಲಿ ಬ್ಯಾಳಿ ಎಷ್ಟು ಕುದಿಸಿದರೂ ಬೇಯುವುದಿಲ್ಲ, ಯಾಕೆ? / ನಮ್ಮ ಕಡೆ ಮೊದಲು ಸಮುದ್ರ ಇತ್ತಂತೆ, ಹೌದಾ?

ಎರಡಕ್ಕೂ ಒಂದೇ ಉತ್ತರ, ಅದಕ್ಕೇ ಜತೆಗೆ ಹಾಕಿದ್ದೇನೆ.

ಮನೆಯಲ್ಲಿ ಶಹಾಬಾದ್ ಬಂಡೆ ಹಾಸಿದ್ದರೆ, ಯಾರಿಗೂ ಕಾಣದ ಒಂದು ಮೂಲೆಯಲ್ಲಿ ಲಿಂಬೆಹಣ್ಣಿನ ರಸ ಎರಡು ಹನಿ ಹಾಕಿ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚುರ್ ಅನ್ನುವುದೂ ಕೇಳಬಹುದು, ಗುಳ್ಳೆಯಂತೂ ಏಳುತ್ತದೆ. ಒರೆಸಿದ ಮೇಲೆ ಅಷ್ಟು ಜಾಗ ಹೊಳಪು ಕಳೆದುಕೊಂಡಿರುತ್ತದೆ. (ಕಾಣುವ ಜಾಗದಲ್ಲಿ ಮಾಡಿ ಬೈಸಿಕೊಂಡರೆ ನಾನು ಜವಾಬ್ದಾರನಲ್ಲ.) ಕಾರಣ, ಅದು ಸುಣ್ಣದ ಕಲ್ಲು. ಭೀಮಾ ನದಿಯ ಈ ಸೀಮೆ ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರವಾಗಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಯಿತು. ಆ ಪದರಗಳಿಂದಲೇ ಬಂಡೆ ಹಪ್ಪಳದ ಹಾಗೆ ಚಪ್ಪಟೆಯಾಗಿ ಏಳುವುದು. ಶಂಖ, ಕಪ್ಪೆಚಿಪ್ಪು ಹುಡುಕಬೇಡಿ, ಸಿಗುವುದಿಲ್ಲ. ಚಿಪ್ಪು ಇರುವ ಪ್ರಾಣಿಗಳು ಭೂಮಿಯ ಮೇಲೆ ಹುಟ್ಟುವುದಕ್ಕಿಂತ ಹಳೆಯ ಸಮುದ್ರ ಅದು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದು ಕೂತಿರುವುದೂ ಇದೇ ಕಲ್ಲು ಹುಡುಕಿಕೊಂಡು.

ಈಗ ಬ್ಯಾಳಿ. ಮಳೆ ನೀರು ಈ ಕಲ್ಲಿನ ಸಂದಿಯಲ್ಲಿ ಇಳಿಯುವಾಗ ಕ್ಯಾಲ್ಸಿಯಂ ಕರಗಿಸಿಕೊಂಡು ಹೋಗುತ್ತದೆ. ಬೋರ್‌ವೆಲ್‌ನಿಂದ ನೀವು ಎತ್ತುವುದು ಆ ನೀರನ್ನೇ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಗೋಂದು. ಬೇಯುವುದು ಅಂದರೆ ಆ ಗೋಂದು ಕರಗುವುದು, ಅಷ್ಟೇ. ಕ್ಯಾಲ್ಸಿಯಂ ಬಂದು ಆ ಗೋಂದಿಗೆ ಬೆಸುಗೆ ಹಾಕಿಬಿಡುತ್ತದೆ. ಆಮೇಲೆ ನೀವು ಕುಕ್ಕರ್ ಎಷ್ಟು ಸೀಟಿ ಹೊಡೆಸಿದರೂ ಬ್ಯಾಳಿ ಬೇಳೆಯಾಗಿಯೇ ಉಳಿಯುತ್ತದೆ. ಹುಳಿಯೂ ಹಾಗೇ ಮಾಡುತ್ತದೆ, ಅದಕ್ಕೇ ಹುಣಸೆಹುಳಿ ಬೆಂದ ಮೇಲೆ ಹಾಕಬೇಕು ಅಂತ ಅವ್ವಂದಿರು ಹೇಳುವುದು. ಉಪಾಯ? ನೀರನ್ನು ಮೊದಲೇ ಕುದಿಸಿ, ಆರಿಸಿ, ಮೇಲಿನ ತಿಳಿ ಬಸಿದುಕೊಂಡರೆ ಸ್ವಲ್ಪ ಕ್ಯಾಲ್ಸಿಯಂ ಪಾತ್ರೆಯ ತಳದಲ್ಲಿ ಬಿಳಿ ಪೊರೆಯಾಗಿ ಕೂತಿರುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಇನ್ನೂ ಬೇಗ. ಚಿಟಿಕೆ ಅಂದರೆ ಚಿಟಿಕೆಯೇ, ಜಾಸ್ತಿಯಾದರೆ ರುಚಿಯೂ ಹೋಗುತ್ತದೆ, ಬೇಳೆಯಲ್ಲಿರುವ ಬಿ1 ವಿಟಮಿನ್ನೂ ಹೋಗುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಜಿಐ ಸಿಕ್ಕಿತು, ದೇಶವೆಲ್ಲ ನಮ್ಮ ಬೇಳೆಯನ್ನು ಹೊಗಳುತ್ತದೆ, ನಮ್ಮ ಮನೆಯ ಕುಕ್ಕರಿನಲ್ಲಿ ಮಾತ್ರ ಅದು ಬೇಯಲು ಹಟ ಮಾಡುತ್ತದೆ. ತೊಗರಿ ಗಿಡವೂ ಸಾಮಾನ್ಯದ್ದಲ್ಲ. ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಉಳಿದ ರಂಜಕವನ್ನು ಬೇರೆ ಬೆಳೆಗಳು ಅಷ್ಟಾಗಿ ಎಳೆದುಕೊಳ್ಳಲಾರವು. ತೊಗರಿಯ ಬೇರು ಪಿಸಿಡಿಕ್ ಎಂಬ ಆಮ್ಲ ಬಿಟ್ಟು ಕಬ್ಬಿಣವನ್ನು ತಾನು ಹಿಡಿದುಕೊಂಡು ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಇದು ವಿಜ್ಞಾನಿಗಳಿಗೆ ಗೊತ್ತಾದದ್ದು 1990ರ ಹೊತ್ತಿಗೆ. ತೊಗರಿ ಬಿತ್ತಿದ ಹೊಲ ಮುಂದಿನ ಬೆಳೆಗೆ ಒಳ್ಳೆಯದು ಅಂತ ರೈತರಿಗೆ ಎಂದೋ ಗೊತ್ತಿತ್ತು.

ಪ್ರಶ್ನೆ (ಜೇವರ್ಗಿಯ ಆರನೇ ಕ್ಲಾಸಿನ ಹುಡುಗ): ಆಕ್ಟೋಪಸ್‌ಗೆ ಮೂರು ಹೃದಯ, ನೀಲಿ ರಕ್ತ ಅಂತ ಮೇಷ್ಟ್ರು ಹೇಳಿದರು. ನನ್ನ ಗೆಳೆಯ ಸುಳ್ಳು ಅಂತಾನೆ.

ಮೇಷ್ಟ್ರೇ ಸರಿ. ಎರಡು ಹೃದಯ ಕಿವಿರುಗಳಿಗೆ, ಒಂದು ಉಳಿದ ಮೈಗೆ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ, ಅದಕ್ಕೆ ಕೆಂಪು. ಅದರ ರಕ್ತದಲ್ಲಿ ತಾಮ್ರ, ಅದಕ್ಕೆ ನೀಲಿ. ಗೆಳೆಯನಿಗೆ ಇನ್ನೊಂದು ಹೇಳು: ಶುಕ್ರ ಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು 225 ದಿನ ಸಾಕು, ತನ್ನ ಸುತ್ತ ತಾನು ಒಂದು ಸಲ ತಿರುಗಲು 243 ದಿನ ಬೇಕು. ಅದನ್ನೂ ಸುಳ್ಳು ಅಂದರೆ ನನಗೆ ಬರಿ.

ಪ್ರಶ್ನೆ (ಮಳಖೇಡದಿಂದ): ನಮ್ಮೂರಿನಲ್ಲಿ ದೊಡ್ಡ ಗಣಿತಜ್ಞರಿದ್ದರಂತೆ. ಅವರು ಏನು ಕಂಡುಹಿಡಿದರು?

ಮಹಾವೀರಾಚಾರ್ಯ. ಸುಮಾರು 850ರ ಹೊತ್ತಿನವರು. ಅವರ 'ಗಣಿತಸಾರಸಂಗ್ರಹ' ಶುರುವಿನಲ್ಲೇ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತದೆ, ಆ ರಾಜನ ರಾಜಧಾನಿ ನಿಮ್ಮ ಮಳಖೇಡ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಅಂತ ಆಗಲೇ ಬರೆದಿಟ್ಟವರು. ತಪ್ಪೂ ಮಾಡಿದ್ದಾರೆ: ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಅಂದರು. ನನಗೆ ಅವರು ಇಷ್ಟವಾಗುವುದು ಮಾತ್ರ ಲೆಕ್ಕದಲ್ಲಿ ಕಟ್ಟಿದ ಹಾರಗಳಿಂದ. ಮೊಬೈಲ್ ತೆಗೆದು ನೀವೇ ಗುಣಿಸಿ. 152207 ಅನ್ನು 73ರಿಂದ ಗುಣಿಸಿದರೆ 11111111. 142857143 ಅನ್ನು 7ರಿಂದ ಗುಣಿಸಿದರೆ 1000000001. 27994681 ಅನ್ನು 441ರಿಂದ ಗುಣಿಸಿದರೆ 12345654321, ಯಾವ ಕಡೆಯಿಂದ ಓದಿದರೂ ಅದೇ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಒಬ್ಬ ಮನುಷ್ಯ ಕೂತು ಇಂಥವನ್ನು ಹುಡುಕಿದ್ದಾನೆ ಅಂದರೆ ಅವನಿಗೆ ಲೆಕ್ಕದ ಮೇಲೆ ಎಂಥ ಪ್ರೀತಿ ಇರಬೇಕು!

ಪ್ರಶ್ನೆ (ಶಹಾಪುರದಿಂದ): ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು ಗುಡಿ ಬಿದ್ದದ್ದರಿಂದಲಂತೆ?

ಹೌದು. ಭೀಮಾ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಅವಶೇಷ ತೆಗೆಯುವಾಗ ಕಂಡಿತು, ಮೂರ್ತಿ ನಿಂತಿದ್ದ ಪೀಠದ ಕಲ್ಲಿನ ಮೇಲೆಲ್ಲ ಬ್ರಾಹ್ಮಿ ಅಕ್ಷರ! ಯಾವ ಕಾಲದಲ್ಲೋ ಯಾರೋ ಒಳ್ಳೆಯ ಚಪ್ಪಟೆ ಕಲ್ಲು ಸಿಕ್ಕಿತು ಅಂತ ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದರು, ಅಕ್ಷರಗಳ ಮೇಲೆಯೇ. ಅದರಲ್ಲಿದ್ದ, 'ಪ್ರತ್ಯೇಕ ಶಾಸನ' ಅಂತ ವಿದ್ವಾಂಸರು ಕರೆಯುವ ಎರಡು ಶಾಸನಗಳು ಅಲ್ಲಿಯವರೆಗೆ ಒಡಿಶಾದ ಧೌಲಿ, ಜೌಗಡದಲ್ಲಿ ಮಾತ್ರ ಸಿಕ್ಕಿದ್ದವು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಆಮೇಲೆ ಇನ್ನೂ ದೊಡ್ಡದು ಸಿಕ್ಕಿತು: ರಾಣಿ, ಪರಿವಾರದ ಜತೆ ನಿಂತ ರಾಜನ ಶಿಲ್ಪ, ಕೆಳಗೆ ಬ್ರಾಹ್ಮಿಯಲ್ಲಿ "ರಾಯೋ ಅಸೋಕೋ". ಅಶೋಕನ ಹೆಸರು ಬರೆದ ಅಶೋಕನ ಚಿತ್ರ ನೋಡಬೇಕಾದರೆ ಪಾಟ್ನಾಕ್ಕೆ ಹೋಗಬೇಕಿಲ್ಲ, ಚಿತ್ತಾಪುರ ತಾಲ್ಲೂಕಿಗೆ ಬಂದರೆ ಸಾಕು.

ಪ್ರಶ್ನೆ (ಯಾದಗಿರಿಯ ಒಬ್ಬ ಶಿಕ್ಷಕಿ): ನೆರಳಿಲ್ಲದ ದಿನ ಮಕ್ಕಳಿಗೆ ತೋರಿಸಬೇಕು. ನಮ್ಮ ಊರಲ್ಲಿ ಯಾವತ್ತು?

ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೇಸಿಗೆಯಲ್ಲಿ ಅವನು ಉತ್ತರಕ್ಕೆ ಹೋಗುವಾಗ ನಮ್ಮ ಮೂರೂ ಜಿಲ್ಲೆಯನ್ನು ಬಸ್ಸಿನ ಹಾಗೆ ಒಂದೊಂದಾಗಿ ದಾಟುತ್ತಾನೆ: ಯಾದಗಿರಿ ಮೇ 7ರ ಸುಮಾರಿಗೆ, ಕಲಬುರಗಿ ಮೇ 9, ಬೀದರ್ ಮೇ 11 ಅಥವಾ 12. ತಿರುಗಿ ಬರುವಾಗ ಮೊದಲು ಬೀದರ್, ಆಗಸ್ಟ್ 1ರ ಸುಮಾರಿಗೆ, ಕಲಬುರಗಿ ಆಗಸ್ಟ್ 3, ಯಾದಗಿರಿ 5 ಅಥವಾ 6. ಒಂದು ದಿನ ಆಚೀಚೆ ಆದರೂ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಆಗಸ್ಟಿನಲ್ಲಿ ಮೋಡ ಇರುತ್ತದೆ, ಮೇ ತಿಂಗಳಲ್ಲಿ ಶಾಲೆಗೆ ರಜೆ ಇರುತ್ತದೆ, ಹಾಗಾಗಿ ಮಕ್ಕಳನ್ನು ಮನೆಯಲ್ಲೇ ನೋಡಲು ಹೇಳುವುದು ಒಳ್ಳೆಯದು. ನೆಟ್ಟಗೆ ನಿಲ್ಲುವ ಡಬ್ಬಿಯೋ ಚೊಂಬೋ ಸಾಕು.

ಸಮಯ ಮಾತ್ರ ಗಟ್ಟಿಯಾಗಿ ಹೇಳಿ. ನಮ್ಮ ಗಡಿಯಾರ ನಡೆಯುವುದು ಪೂರ್ವಕ್ಕೆ ಎಷ್ಟೋ ದೂರದ, ಅಲಹಾಬಾದ್ ಕಡೆಯ ರೇಖೆಯನ್ನು ಹಿಡಿದು. ನಮ್ಮ ನೆತ್ತಿಗೆ ಸೂರ್ಯ ಬರುವುದು ತಡವಾಗಿ, ಮೇ ತಿಂಗಳಲ್ಲಿ 12 ಗಂಟೆ 20 ನಿಮಿಷಕ್ಕೆ, ಆಗಸ್ಟಿನಲ್ಲಿ 12 ಗಂಟೆ 30ರ ಹತ್ತಿರ. ಇದು ಗೊತ್ತಿಲ್ಲದೆ ನಾನು ಮೊದಲ ಸಲ ಕಲಬುರಗಿಯಲ್ಲಿ ಸರಿಯಾಗಿ 12ಕ್ಕೆ ಮಾಳಿಗೆ ಹತ್ತಿ ಸ್ಟೀಲಿನ ಗ್ಲಾಸ್ ಬೋರಲು ಹಾಕಿ ನಿಂತೆ. ಕಾಲು ಸುಡುತ್ತಿತ್ತು, ಗ್ಲಾಸಿಗೆ ಸಣ್ಣ ನೆರಳು ಇದ್ದೇ ಇತ್ತು. ಹತ್ತು ನಿಮಿಷ ನೋಡಿ, ಇದೆಲ್ಲ ಸುಳ್ಳು ಅಂತ ಬೈದುಕೊಂಡು ಕೆಳಗೆ ಬಂದು ಫ್ಯಾನ್ ಹಾಕಿಕೊಂಡೆ. ಗ್ಲಾಸ್ ಮೇಲೇ ಬಿಟ್ಟು ಬಂದಿದ್ದೆ. ಪಕ್ಕದ ಮನೆಯ ಹುಡುಗ ಗಾಳಿಪಟ ತೆಗೆಯಲು ಮಾಳಿಗೆ ಹತ್ತಿದವನು ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿದ: "ಅಂಕಲ್, ನಿಮ್ಮ ಗ್ಲಾಸಿನ ನೆಳ್ಳು ಎಲ್ಲಿ ಹೋತ್ರಿ?"